ನಾರಾ ಕ್ಷೇತ್ರ: ವಿಹಾರ, ದೇವಸ್ಥಾನ, ಗಿರಿ ಮತ್ತು ಉದ್ಯಾನ

೧

ಜಪಾನು ದೇಶದ ಹೊನ್‌ಷೂ ದ್ವೀಪದಲ್ಲಿ, ಒಸಾಕಾ ನಗರದಿಂದ ಪೂರ್ವಕ್ಕೆ ಒಂದು ಬೆಟ್ಟಸಾಲನ್ನು ದಾಟಿದರೆ, ಸುತ್ತಲೂ ಗಿರಿಗಳಿಂದ ಆವೃತವಾದ ಒಂದು ಬಯಲು ಪ್ರದೇಶವು ದೊರೆಯುತ್ತದೆ. ಯಮಾಟೊ ಎಂಬುದು ಅದರ ಪ್ರಾಚೀನ ನಾಮಧೇಯ. ಈ ಬಯಲಿನ ಉತ್ತರ ಭಾಗದಲ್ಲಿರುವ ನಾರಾ ನಗರವು ಕ್ರಿ. ಶ. ೭೧೦ರಿಂದ ೭೮೪ರವರೆಗೆ, ನಡುವಣ ಕೆಲವು ವರ್ಷಗಳನ್ನುಳಿದು, ಆ ದೇಶದ ರಾಜಧಾನಿಯಾಗಿದ್ದಿತು. ರಾಜಧಾನಿಯ ಪಟ್ಟವು ಹೋದ ಮೇಲೆಯೂ ನಾರಾ ತನ್ನ ಮಹತ್ವವನ್ನು ಕಳೆದುಕೊಳ್ಳಲಿಲ್ಲ. ಧರ್ಮಕ್ಷೇತ್ರವಾಗಿ ಅದು ಬಾಳಿತು.

ಇಂದು ನಾರಾಕ್ಕೆ ಹೋಗುವ ಪ್ರವಾಸಿಯು ರೈಲುನಿಲ್ದಾಣದಿಂದ ಪೂರ್ವಾಭಿಮುಖವಾಗಿ ನಡೆದರೆ, ಮೊದಲು ಕೊಫುಕು-ಜಿ ವಿಹಾರವು ಎದುರಾಗುತ್ತದೆ. ಸುಮಾರು ೫೦ ಮೀಟರು ಎತ್ತರದ ಐದು ಅಂತಸ್ತಿನ ಗೋಪುರವು ಅದರ ಆವರಣದಲ್ಲಿದೆ. ವಿಹಾರಕ್ಕೆ ಗೋಡೆಯಿಲ್ಲ, ಎಲ್ಲಿ ಅದು ಮುಗಿದು ಎಲ್ಲಿ ಉದ್ಯಾನವು ಆರಂಭವಾಯಿತೆಂಬುದು ತಿಳಿಯದಂತೆ ಹುಲ್ಲುಗಾವಲು ಹಬ್ಬಿದೆ, ಅದರಲ್ಲಿ ಜಿಂಕೆಗಳು ನಿರ್ಭಯವಾಗಿ ಮೇಯುತ್ತಿವೆ. ಇನ್ನೂ ಪೂರ್ವಕ್ಕೆ ಸಾಗಿದರೆ ಕಲ್ಲಿನ ದೀಪಸ್ತಂಭಗಳ ಸಾಲಿನ ನಡುವೆ ಕಸುಗಾ ದೇವಸ್ಥಾನದ ದಾರಿ. ಅದರ ಹಿಂದೆ ಮಿಕಾಸಾ ಗಿರಿ ಮತ್ತು ದಟ್ಟವಾದ ಕಸುಗಾ ಅರಣ್ಯ. ಉತ್ತರಕ್ಕೆ ಮಹಾಬುದ್ಧನ ತೋದಾಯ್-ಜಿ ವಿಹಾರ, ಅದರ ಪಕ್ಕದಲ್ಲಿ ೩೪೨ ಮೀಟರು ಎತ್ತರದ ವಕಾಕುಸಾ ಎಂಬ ಹುಲ್ಲುಬೆಟ್ಟ. ಮಾರ್ಗದರ್ಶಿ ಗ್ರಂಥಗಳು ಇವೆಲ್ಲವನ್ನೂ ವಿಹಾರಗಳು, ದೇವಸ್ಥಾನಗಳು, ಬೆಟ್ಟಗಳು, ಉದ್ಯಾನಗಳು ಎಂಬ ನಾಲ್ಕು ಶೀರ್ಷಿಕೆಗಳಲ್ಲಿ ವಿಂಗಡಿಸಿ ವರ್ಣಿಸುತ್ತವೆ.

ಈ ಚತುರ್ವಿಧ ವಿಂಗಡಣೆಯು ಸ್ವಾಭಾವಿಕವಾದುದೆಂದೂ ಪ್ರಾಚೀನವಾದುದೆಂದೂ ತೋರುವುದು ಸಹಜ. ಆದರೆ ಇತಿಹಾಸವನ್ನು ಪರಿಶೀಲಿಸಿದರೆ, ಇದು ೧೮೬೮ರಿಂದ ೧೮೮೯ರವರೆಗಿನ ಸುಮಾರು ಇಪ್ಪತ್ತು ವರ್ಷಗಳಲ್ಲಿ ರಾಜಾಜ್ಞೆಗಳ ಮೂಲಕ ಏರ್ಪಟ್ಟದ್ದೆಂಬುದು ವ್ಯಕ್ತವಾಗುತ್ತದೆ. ಅದಕ್ಕೂ ಹಿಂದೆ, ಸಾವಿರ ವರ್ಷಗಳಷ್ಟು ಕಾಲ, ಕೊಫುಕು-ಜಿ, ಕಸುಗಾ, ಮಿಕಾಸಾ ಗಿರಿ ಮತ್ತು ಜಿಂಕೆಗಳು ಮೇಯುವ ಬಯಲು ಇವೆಲ್ಲವೂ ಒಂದೇ ಕ್ಷೇತ್ರದ ಅಂಗಗಳಾಗಿದ್ದುವು. ಈ ಒಂದು ಕ್ಷೇತ್ರವು ನಾಲ್ಕಾಗಿ ಒಡೆದುದು ಹೇಗೆ, ಆ ಒಡಕಿನ ಫಲವೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಬೌದ್ಧಾಲಯಗಳನ್ನು ನಾವು ಇಲ್ಲಿ ವಿಹಾರವೆಂದೂ, ಜಪಾನಿನ ದೇಶೀಯ ದೇವತೆಗಳಾದ 'ಕಾಮಿ'ಗಳ ಆಲಯಗಳನ್ನು ದೇವಸ್ಥಾನವೆಂದೂ ಕರೆಯುತ್ತೇವೆ.

೨

ಮೊದಲು ಕ್ಷೇತ್ರದ ಉತ್ಪತ್ತಿಯನ್ನು ನೋಡೋಣ. ರಾಜಧಾನಿಯು ನಾರಾಕ್ಕೆ ಬಂದ ಕಾಲದಲ್ಲಿ ಆಸ್ಥಾನದ ಅತ್ಯಂತ ಪ್ರಬಲ ಮನೆತನವು ಫುಜಿವಾರಾ ವಂಶ. ಈ ವಂಶದ ಫುಹಿತೋ ಎಂಬವನು ತಮ್ಮ ಕುಲದ ವಿಹಾರವನ್ನು ನೂತನ ರಾಜಧಾನಿಗೆ ತಂದು ಕೊಫುಕು-ಜಿ ಎಂದು ಹೆಸರಿಟ್ಟನು. ಅದೇ ವಂಶದ ಕುಲದೇವತೆಗಳ ಆಲಯವೇ ಕಸುಗಾ. ಇದರ ಸ್ಥಾಪನೆಯು ೭೬೮ರಲ್ಲಿ ಆಯಿತೆಂಬುದು ಸಂಪ್ರದಾಯ. ಪೂರ್ವದೇಶದ ಕಾಶಿಮಾದಿಂದ ತಕೆಮಿಕಾಜುಚಿ, ಕತೋರಿಯಿಂದ ಫುತ್ಸುನುಶಿ, ಹಿರಾಓಕಾದಿಂದ ಅಮೆನೊಕೊಯಾನೆ ಮತ್ತು ಅವನ ಪತ್ನಿಯಾದ ಹಿಮೆಗಾಮಿ, ಹೀಗೆ ನಾಲ್ವರು ದೇವತೆಗಳನ್ನು ಇಲ್ಲಿ ಪ್ರತಿಷ್ಠಿಸಿದರು. ಅವರಲ್ಲಿ ಮೊದಲನೆಯ ದೇವನು ಬಿಳಿಯ ಜಿಂಕೆಯನ್ನೇರಿ ಮಿಕಾಸಾ ಗಿರಿಗೆ ಬಂದನೆಂಬುದು ಐತಿಹ್ಯ. ನಾರಾದ ಜಿಂಕೆಗಳು ದೇವದೂತರೆಂದು ಪೂಜ್ಯವಾದುದಕ್ಕೆ ಈ ಐತಿಹ್ಯವೇ ಕಾರಣ. ಭಾರತೀಯ ಓದುಗನಿಗೆ ಸಾರನಾಥದ ಮೃಗದಾವವು ನೆನಪಿಗೆ ಬರುವುದು ಸಹಜವಾದರೂ, ಬುದ್ಧನ ಪ್ರಥಮೋಪದೇಶಕ್ಕೂ ಈ ಜಿಂಕೆಗಳ ಮೂಲಕಥೆಗೂ ಸಂಬಂಧವಿಲ್ಲ.

ಸಂಪ್ರದಾಯವು ಹೇಳುವ ೭೬೮ಕ್ಕಿಂತಲೂ ಈ ಗಿರಿಯ ಪಾವಿತ್ರ್ಯವು ಹಳೆಯದೆಂಬುದಕ್ಕೆ ಲಿಖಿತ ಪ್ರಮಾಣವಿದೆ. ತೋದಾಯ್-ಜಿ ವಿಹಾರದ ಗಡಿಗಳನ್ನು ಗುರುತಿಸಲು ೭೫೬ರಲ್ಲಿ ರಚಿಸಿದ ಒಂದು ನಕ್ಷೆಯಲ್ಲಿ, ಮಿಕಾಸಾ ಗಿರಿಯ ಬುಡದಲ್ಲಿ ಒಂದು ಚೌಕವನ್ನು ಬರೆದು ಅದಕ್ಕೆ 'ದೇವಭೂಮಿ' ಎಂಬರ್ಥದ ಅಕ್ಷರಗಳನ್ನು ಬರೆದಿದ್ದಾರೆ. ಗುಡಿಯು ಏಳುವುದಕ್ಕೆ ಮೊದಲೇ ಗಿರಿಯು ಪೂಜಾಸ್ಥಾನವಾಗಿದ್ದಿತೆಂಬುದು ಇದರಿಂದ ಸಿದ್ಧವಾಗುತ್ತದೆ. ೮೪೧ರಲ್ಲಿ ಈ ಬೆಟ್ಟದಲ್ಲಿ ಬೇಟೆಯನ್ನೂ ಮರ ಕಡಿಯುವುದನ್ನೂ ನಿಷೇಧಿಸಿ ರಾಜಾಜ್ಞೆಯಾಯಿತು. ನಗರದ ಅಂಚಿನಲ್ಲಿಯೇ ಸುಮಾರು ೨೫೦ ಹೆಕ್ಟೇರು ವಿಸ್ತಾರದ ಪುರಾತನ ಅರಣ್ಯವೊಂದು ಉಳಿದುಬಂದಿರುವುದು ಈ ಆಜ್ಞೆಯ ಮತ್ತು ಅದರ ಹಿಂದಿದ್ದ ಭಕ್ತಿಯ ಫಲ.

ಬೌದ್ಧಧರ್ಮಕ್ಕೂ ದೇಶೀಯ ದೇವತೆಗಳಿಗೂ ಆ ಕಾಲದಲ್ಲಿ ವಿರೋಧವಿರಲಿಲ್ಲವೆಂಬುದಕ್ಕೆ ತೋದಾಯ್-ಜಿಯ ಚರಿತ್ರೆಯೇ ಸಾಕ್ಷಿ. ಸುಮಾರು ೧೫ ಮೀಟರು ಎತ್ತರದ ಮಹಾಬುದ್ಧನ ಕಂಚಿನ ವಿಗ್ರಹವನ್ನು ಮಾಡಿಸುವುದಾಗಿ ಶೋಮು ಚಕ್ರವರ್ತಿಯು ೭೪೩ರಲ್ಲಿ ಸಂಕಲ್ಪಿಸಿದನು. ಆ ಕಾರ್ಯಕ್ಕೆ ನೆರವಾಗುವುದಾಗಿ ಕ್ಯೂಷೂ ದ್ವೀಪದ ಉಸಾ ಎಂಬಲ್ಲಿಯ ಹಚಿಮಾನ್ ದೇವತೆಯು ವಾಕ್ಕು ಕೊಟ್ಟಿತೆಂದು ನಂಬಿ, ೭೪೯ರಲ್ಲಿ ಆ ದೇವತೆಯನ್ನು ವೈಭವದಿಂದ ರಾಜಧಾನಿಗೆ ಬರಮಾಡಿಕೊಂಡು ವಿಹಾರದ ರಕ್ಷಕನನ್ನಾಗಿ ನೆಲೆಗೊಳಿಸಿದರು. ೭೫೨ರಲ್ಲಿ ವಿಗ್ರಹದ ನೇತ್ರೋನ್ಮೀಲನವನ್ನು ನಡೆಸಿದವನು ಬೋಧಿಸೇನನೆಂಬ ಭಾರತೀಯ ಭಿಕ್ಷು. ಅವನು ೭೩೬ರಲ್ಲಿ ಚೀನದ ಮಾರ್ಗವಾಗಿ ಜಪಾನಿಗೆ ಬಂದು, ೭೬೦ರಲ್ಲಿ ಅಲ್ಲಿಯೇ ದೇಹವಿಟ್ಟನು.

ಕೊಫುಕು-ಜಿಗೂ ಭಾರತಕ್ಕೂ ಇದಕ್ಕಿಂತ ಗಾಢವಾದ ಸಂಬಂಧವುಂಟು. ಆ ವಿಹಾರದ ಹೊಸ್ಸೋ ಸಂಪ್ರದಾಯವು ವಸುಬಂಧುವಿನ ವಿಜ್ಞಾನವಾದವನ್ನು ಅನುಸರಿಸುತ್ತದೆ. ಅದನ್ನು ಚೀನಕ್ಕೆ ಒಯ್ದು ಬೋಧಿಸಿದವನು ಹ್ಯುಯೆನ್ ತ್ಸಾಂಗ್. ೬೫೩ರಲ್ಲಿ ಚೀನಕ್ಕೆ ಹೋದ ದೋಶೋ ಎಂಬ ಜಪಾನೀ ಭಿಕ್ಷುವು ಅವನಲ್ಲಿಯೇ ಕಲಿತು ಸ್ವದೇಶಕ್ಕೆ ಮರಳಿದನು. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ವರ್ಣಿಸಿದ ಪ್ರವಾಸಿಯೇ ಈ ಹ್ಯುಯೆನ್ ತ್ಸಾಂಗನೆಂಬುದನ್ನು ಕನ್ನಡಿಗರು ಇಲ್ಲಿ ಸ್ಮರಿಸಬಹುದು.

೩

ಮಧ್ಯಯುಗದಲ್ಲಿ ಈ ಸಾಮೀಪ್ಯವು ಐಕ್ಯವಾಗಿ ಪರಿಣಮಿಸಿತು. ಕಾಮಿಗಳೆಲ್ಲರೂ ಬುದ್ಧ ಬೋಧಿಸತ್ತ್ವರು ಜಪಾನಿನ ಜನರ ಉದ್ಧಾರಕ್ಕಾಗಿ ತಾಳಿದ ರೂಪಗಳೆಂಬ ಸಿದ್ಧಾಂತವು ಆಗ ದೇಶದಲ್ಲೆಲ್ಲ ಪ್ರಚಾರಕ್ಕೆ ಬಂದಿತು. ಅದರಂತೆ ಕಸುಗಾದ ಮೊದಲನೆಯ ದೇವನನ್ನು ಅಮೋಘಪಾಶ ಅವಲೋಕಿತೇಶ್ವರನೆಂದೂ (ಶಾಕ್ಯಮುನಿಯೆಂಬ ಮತವೂ ಉಂಟು), ಎರಡನೆಯವನನ್ನು ಭೈಷಜ್ಯಗುರುವೆಂದೂ, ಮೂರನೆಯವನನ್ನು ಕ್ಷಿತಿಗರ್ಭನೆಂದೂ, ದೇವಿಯನ್ನು ಏಕಾದಶಮುಖ ಅವಲೋಕಿತೇಶ್ವರನೆಂದೂ ಭಾವಿಸಿದರು. ಅಮೋಘಪಾಶನು ಮೃಗಚರ್ಮಧಾರಿ, ಜಿಂಕೆಯನ್ನೇರಿ ಬಂದ ದೇವನೊಡನೆ ಅವನನ್ನು ಒಂದುಗೂಡಿಸಿದುದರ ಔಚಿತ್ಯವು ಇದರಿಂದ ಸ್ಪಷ್ಟವಾಗುತ್ತದೆ. ಕೊಫುಕು-ಜಿಯ ದಕ್ಷಿಣದ ಅಷ್ಟಕೋನ ಮಂದಿರದಲ್ಲಿರುವ ಮುಖ್ಯ ವಿಗ್ರಹವು ಈ ಅಮೋಘಪಾಶನದೇ. ಅಂದರೆ, ವಿಹಾರದಲ್ಲಿ ಮೂಲರೂಪಕ್ಕೂ ದೇವಸ್ಥಾನದಲ್ಲಿ ಅವತಾರರೂಪಕ್ಕೂ ಪೂಜೆ ಸಲ್ಲುತ್ತಿದ್ದಿತು.

ಆ ಕಾಲದ 'ಕಸುಗಾ ಮಂಡಲ'ಗಳೆಂಬ ಚಿತ್ರಪಟಗಳಲ್ಲಿ ಈ ಐಕ್ಯವು ಮೂರ್ತವಾಗಿ ಕಾಣುತ್ತದೆ. ಪಟದ ಮೇಲ್ಭಾಗದಲ್ಲಿ ಮಿಕಾಸಾ ಗಿರಿ. ಅದರ ಬುಡದಲ್ಲಿ ದೇವಸ್ಥಾನ. ಕೆಳಗೆ ದೀರ್ಘವಾದ ದಾರಿ, ಗೋಪುರಗಳು, ಜಿಂಕೆಗಳು. ಕೆಲವು ಪಟಗಳಲ್ಲಿ ಗಿರಿಯ ಮೇಲಣ ಆಕಾಶದಲ್ಲಿ ಬುದ್ಧ ಬೋಧಿಸತ್ತ್ವರು. ದೂರದಲ್ಲಿದ್ದ ಭಕ್ತರು ಇಂತಹ ಪಟವನ್ನು ಮನೆಯಲ್ಲಿ ತೂಗುಹಾಕಿ ಪೂಜಿಸಿ ಯಾತ್ರೆಯ ಫಲವನ್ನು ಪಡೆಯುತ್ತಿದ್ದರು. ಅವರ ಪಾಲಿಗೆ ಬೆಟ್ಟ, ಗುಡಿ, ಗೋಪುರ, ಮೃಗ ಎಲ್ಲವೂ ಸೇರಿಯೇ ಕ್ಷೇತ್ರ.

ಆಡಳಿತದಲ್ಲಿಯೂ ಹೀಗೆಯೇ. ಕಾಮಾಕುರಾದ ಸೈನಿಕ ಸರಕಾರವು ಪ್ರಾಂತಗಳಿಗೆಲ್ಲ ತನ್ನ ಅಧಿಕಾರಿಗಳನ್ನು ನೇಮಿಸಿದಾಗ ಯಮಾಟೊ ಪ್ರಾಂತಕ್ಕೆ ಮಾತ್ರ ಯಾರನ್ನೂ ನೇಮಿಸಲಿಲ್ಲ. ಅಲ್ಲಿ ಆ ಅಧಿಕಾರವನ್ನು ಕೊಫುಕು-ಜಿಯೇ ಚಲಾಯಿಸುತ್ತಿದ್ದಿತು. ಹನ್ನೊಂದನೆಯ ಶತಮಾನದ ಕೊನೆಯಿಂದ ವಿಹಾರದ ಭಿಕ್ಷುಗಳು ತಮ್ಮ ಬೇಡಿಕೆಗಳನ್ನು ಮುಂದಿಟ್ಟು ರಾಜಧಾನಿಯಾದ ಕ್ಯೋಟೋಗೆ ದಂಡು ಹೋಗುವಾಗ, ಕಸುಗಾ ದೇವತೆಗಳು ನೆಲೆಸಿದುದೆನ್ನುವ ಪವಿತ್ರ ವೃಕ್ಷಶಾಖೆಯನ್ನು ಮುಂದಿಟ್ಟುಕೊಂಡು ಹೋಗುತ್ತಿದ್ದರು. ಭಿಕ್ಷುಗಳ ಕೈಯಲ್ಲಿ ಕಾಮಿಗಳ ಚಿಹ್ನೆ! ಫುಜಿವಾರಾ ಮಂತ್ರಿಗಳಿಗೆ ತಮ್ಮ ಕುಲದೇವತೆಯನ್ನು ಎದುರಿಸುವ ಧೈರ್ಯವಿರಲಿಲ್ಲ. ೧೧೩೬ರಲ್ಲಿ ಆರಂಭವಾಗಿ ಇಂದಿಗೂ ಡಿಸೆಂಬರಿನಲ್ಲಿ ನಡೆಯುವ ಕಸುಗಾ ವಕಾಮಿಯಾ ದೇವಸ್ಥಾನದ ಮಹೋತ್ಸವವನ್ನು ಕೂಡ ಬಹುಕಾಲ ನಡೆಸುತ್ತಿದ್ದುದು ಕೊಫುಕು-ಜಿಯೇ. ಕೊನೆಗೆ ೧೫೯೫ರಲ್ಲಿ ಹಿದೆಯೋಶಿಯ ಭೂಮಾಪನವಾದಾಗ, 'ಕಸುಗಾ ದೇವಸ್ಥಾನ ಮತ್ತು ಕೊಫುಕು-ಜಿ' ಎಂದು ಎರಡಕ್ಕೂ ಕೂಡಿಯೇ ೨೧,೦೦೦ ಕೊಕುವಿಗೆ ಮಿಕ್ಕ ಉಂಬಳಿಯನ್ನು ಗೊತ್ತುಪಡಿಸಿದರು. (ಕೊಕು ಎಂಬುದು ಸುಮಾರು ೧೮೦ ಲೀಟರು ಅಕ್ಕಿಯ ಅಳತೆ.) ಸರಕಾರದ ಲೆಕ್ಕದ ಪುಸ್ತಕದಲ್ಲಿಯೂ ಅವು ಒಂದೇ ಸಂಸ್ಥೆಯಾಗಿದ್ದುವು.

ಇದರ ಭೌತಿಕ ಕುರುಹೊಂದು ಇಂದಿಗೂ ಉಳಿದಿದೆ. ನಾರಾ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಆವರಣದಲ್ಲಿ ಎರಡು ಬೌದ್ಧ ಗೋಪುರಗಳ ತಳಪಾಯದ ಗುರುತುಗಳಿವೆ. ಅವು ಹನ್ನೆರಡನೆಯ ಶತಮಾನದಲ್ಲಿ ಕಸುಗಾ ದೇವಸ್ಥಾನಕ್ಕೆಂದು ಕಟ್ಟಿಸಿದ ಗೋಪುರಗಳು; ೧೧೮೦ರ ಯುದ್ಧದಲ್ಲಿ ಸುಟ್ಟು, ಪುನರ್ನಿರ್ಮಿತವಾಗಿ, ೧೪೧೧ರಲ್ಲಿ ಸಿಡಿಲಿನ ಬೆಂಕಿಗೆ ಆಹುತಿಯಾದುವು. ದೇವಸ್ಥಾನಕ್ಕೆ ಬೌದ್ಧ ಗೋಪುರವೇಕೆ ಎಂದು ಇಂದಿನ ಪ್ರವಾಸಿಯು ಬೆರಗಾಗಬಹುದು. ಅವನ್ನು ಕಟ್ಟಿಸಿದವರಿಗೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ.

೪

೧೮೬೮ರಲ್ಲಿ ಮೆಯ್‌ಜಿ ಚಕ್ರವರ್ತಿಯ ಹೆಸರಿನಲ್ಲಿ ನೂತನ ಸರಕಾರವು ಸ್ಥಾಪಿತವಾಯಿತು. ಚಕ್ರವರ್ತಿಯ ಅಧಿಕಾರಕ್ಕೆ ಕಾಮಿಗಳ ಪೂಜೆಯನ್ನೇ ಆಧಾರವಾಗಿ ಮಾಡಬೇಕೆಂಬುದು ಅದರ ನೀತಿ. ಆ ವರ್ಷವೇ ಕಾಮಿ ಮತ್ತು ಬುದ್ಧರನ್ನು ಪ್ರತ್ಯೇಕಿಸಬೇಕೆಂಬ ಆಜ್ಞೆಗಳು ಹೊರಟುವು. ದೇವಸ್ಥಾನಗಳಲ್ಲಿ ಸೇವೆಯಲ್ಲಿದ್ದ ಭಿಕ್ಷುಗಳು ಗೃಹಸ್ಥರಾಗಬೇಕು. ಅಲ್ಲಿದ್ದ ಬುದ್ಧವಿಗ್ರಹಗಳನ್ನೂ ಘಂಟೆಗಳನ್ನೂ ತೆಗೆಯಬೇಕು ಎಂದು ವಿಧಿಸಲಾಯಿತು.

ದೇಶದ ಅನೇಕ ಕಡೆಗಳಲ್ಲಿ ಈ ಆಜ್ಞೆಯ ನೆಪದಿಂದ ವಿಹಾರಗಳನ್ನು ಬಲಾತ್ಕಾರವಾಗಿ ಕೆಡವಿದರು. ಕೊಫುಕು-ಜಿಯಲ್ಲಿ ನಡೆದುದು ಬೇರೆ ರೀತಿ: ಅಲ್ಲಿಯ ಭಿಕ್ಷುಗಳು ಸಾಮೂಹಿಕವಾಗಿ ಕಾಷಾಯವನ್ನು ತೊರೆದು ಕಸುಗಾದ ಪೂಜಾರಿಗಳಾದರು. ಉಚ್ಚಕುಲದಿಂದ ಬಂದಿದ್ದ ಮಠಾಧಿಪತಿಗಳು ಗೃಹಸ್ಥಾಶ್ರಮಕ್ಕೆ ಮರಳಿ, ಕಾಲಾನಂತರ ಸರದಾರ ಪದವಿಗಳನ್ನು ಪಡೆದರು. ಭಿಕ್ಷುಗಳ ಈ ನಡತೆಯನ್ನು ಹೇಡಿತನವೆಂದು ಹಲವರು ಹಳಿದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಇನ್ನೊಂದು ವಿವರಣೆಯೂ ಸಾಧ್ಯ. ಎರಡು ಆಲಯಗಳನ್ನೂ ಒಂದೇ ಎಂದು ಭಾವಿಸಿದ್ದವರಿಗೆ, ಒಂದರ ಬಾಗಿಲು ಮುಚ್ಚಿದಾಗ ಮತ್ತೊಂದರೊಳಗೆ ಹೋಗುವುದು ಧರ್ಮಾಂತರವೆಂದು ತೋರಿರಲಾರದು. ಐಕ್ಯವು ಎಷ್ಟು ಗಾಢವಾಗಿದ್ದಿತೆಂಬುದಕ್ಕೆ ವಿಹಾರವು ಅಷ್ಟು ಸುಲಭವಾಗಿ ಬರಿದಾದುದೇ ಪ್ರಮಾಣ.

ಪರಿಣಾಮವು ಮಾತ್ರ ದಾರುಣವಾಯಿತು. ೧೮೭೧ರ ಆಜ್ಞೆಯಂತೆ ವಿಹಾರ ದೇವಸ್ಥಾನಗಳ ಭೂಮಿಯನ್ನು ಸರಕಾರವು ವಶಪಡಿಸಿಕೊಂಡಿತು. ಕೊಫುಕು-ಜಿಯ ಆವರಣದ ಗೋಡೆಗಳು ಉರುಳಿದುವು, ಉಪವಿಹಾರಗಳು ಕಣ್ಮರೆಯಾದುವು. ೧೪೨೬ರಲ್ಲಿ ಕಟ್ಟಿದ ಐದು ಅಂತಸ್ತಿನ ಗೋಪುರವನ್ನೇ ಮಾರಾಟಕ್ಕೆ ಇಟ್ಟಿದ್ದರೆಂದು ಹೇಳುವುದುಂಟು. ಬೆಲೆಯನ್ನು ಕೆಲವರು ೨೫ ಯೆನ್ ಎಂದೂ ಕೆಲವರು ೨೫೦ ಯೆನ್ ಎಂದೂ ಹೇಳುವುದರಿಂದ ಕಥೆಯ ವಿವರಗಳನ್ನು ಪೂರ್ಣವಾಗಿ ನಂಬಲಾಗದು. ಆದರೆ ಅಂತಹ ಕಥೆಯನ್ನು ಜನರು ನಂಬುವಷ್ಟು ವಿಹಾರದ ಸ್ಥಿತಿಯು ಹೀನವಾಗಿದ್ದಿತೆಂಬುದು ನಿಶ್ಚಯ. ದೇವದೂತರಾಗಿದ್ದ ಜಿಂಕೆಗಳಿಗೂ ರಕ್ಷಣೆಯು ತಪ್ಪಿತು.

ಇಷ್ಟರಲ್ಲಿ ೧೮೭೩ರಲ್ಲಿ ಸರಕಾರವು ಮತ್ತೊಂದು ಆಜ್ಞೆಯನ್ನು ಹೊರಡಿಸಿತು. ಜನರು ಬಹುಕಾಲದಿಂದ ವಿಹಾರಕ್ಕೆಂದು ಸೇರುತ್ತಿದ್ದ ಪ್ರಸಿದ್ಧ ಸ್ಥಳಗಳನ್ನು ಸಾರ್ವಜನಿಕ ಉದ್ಯಾನಗಳನ್ನಾಗಿ ಮಾಡಬೇಕೆಂಬುದು ಅದರ ತಾತ್ಪರ್ಯ. ತೋಕಿಯೋದ ಉಎನೋ, ಅಸಾಕುಸಾ, ಶಿಬಾ ಉದ್ಯಾನಗಳು ಹುಟ್ಟಿದುದು ಇದರಿಂದಲೇ. ಅವೆಲ್ಲವೂ ಹಿಂದೆ ಧಾರ್ಮಿಕ ಕ್ಷೇತ್ರಗಳ ಭೂಮಿಯಾಗಿದ್ದುವು. ಅದೇ ಕ್ರಮದಲ್ಲಿ ೧೮೮೦ರ ಫೆಬ್ರವರಿಯಲ್ಲಿ ಕೊಫುಕು-ಜಿಯ ಹಳೆಯ ಆವರಣದಲ್ಲಿ ನಾರಾ ಉದ್ಯಾನವು ಪ್ರಾರಂಭವಾಯಿತು. ಮರುವರ್ಷ, ೧೮೮೧ರಲ್ಲಿ, ಕೊಫುಕು-ಜಿಯ ಹೆಸರನ್ನು ಪುನಃ ತಾಳಲು ಅನುಮತಿ ದೊರೆಯಿತು. ಆ ಹೊತ್ತಿಗೆ ವಿಹಾರವು ತನ್ನದೇ ಆಗಿದ್ದ ನೆಲದಲ್ಲಿ ಸರಕಾರಿ ಉದ್ಯಾನದ ನೆರೆಯವನಾಗಿದ್ದಿತು. ೧೮೮೯ರಲ್ಲಿ ಉದ್ಯಾನವನ್ನು ವಿಸ್ತರಿಸಿ, ಬೆಟ್ಟಗಳನ್ನೂ ಕಸುಗಾ ಅರಣ್ಯವನ್ನೂ ಅದರಲ್ಲಿ ಸೇರಿಸಿದರು. ೧೮೯೫ರಲ್ಲಿ ವಸ್ತುಸಂಗ್ರಹಾಲಯವು ತೆರೆಯಿತು. ೧೯೦೯ರಲ್ಲಿ ದಾಯ್‌ಜೋ-ಇನ್ ಎಂಬ ಉಪವಿಹಾರದ ನೆಲದಲ್ಲಿ ನಾರಾ ಹೋಟೆಲು ಎದ್ದಿತು. ಇಚಿಜೋ-ಇನ್ ಎಂಬ ಮತ್ತೊಂದರ ನೆಲದಲ್ಲಿ ಇಂದು ನ್ಯಾಯಾಲಯವಿದೆ. ಹೀಗೆ ವಿಹಾರ, ದೇವಸ್ಥಾನ, ಗಿರಿ, ಉದ್ಯಾನ ಎಂಬ ನಾಲ್ಕು ಶೀರ್ಷಿಕೆಗಳು ಸಿದ್ಧವಾದುವು.

೫

ಈ ವಿಭಜನೆಯನ್ನು ಕೇವಲ ನಷ್ಟವೆಂದು ಎಣಿಸುವುದು ನ್ಯಾಯವಾಗದು. ವಶಪಡಿಸಿಕೊಂಡ ನೆಲವು ಉದ್ಯಾನವಾದುದರಿಂದಲೇ ಮನೆ ಅಂಗಡಿಗಳ ಪಾಲಾಗದೆ ಉಳಿಯಿತು. ೧೮೯೭ರ ಪ್ರಾಚೀನ ದೇವಸ್ಥಾನ ಮತ್ತು ವಿಹಾರಗಳ ಸಂರಕ್ಷಣಾ ಶಾಸನವು ಕಟ್ಟಡಗಳಿಗೂ ವಿಗ್ರಹಗಳಿಗೂ ಆಶ್ರಯ ಕೊಟ್ಟಿತು. ೧೯೧೯ರ ಮತ್ತೊಂದು ಶಾಸನದ ಮೂಲಕ ೧೯೨೨ರಲ್ಲಿ ಉದ್ಯಾನವು ರಮ್ಯಸ್ಥಳವೆಂದೂ, ೧೯೨೪ರಲ್ಲಿ ಅರಣ್ಯವು ನೈಸರ್ಗಿಕ ಸ್ಮಾರಕವೆಂದೂ ಘೋಷಿತವಾದುವು. ೧೯೪೫ರಲ್ಲಿ ಯುದ್ಧವು ಮುಗಿದಾಗ ಕೇವಲ ೭೯ ಜಿಂಕೆಗಳು ಉಳಿದಿದ್ದುವು. ೧೯೫೭ರಲ್ಲಿ ಅವುಗಳಿಗೂ ನೈಸರ್ಗಿಕ ಸ್ಮಾರಕವೆಂಬ ರಕ್ಷಣೆ ದೊರೆತು, ಈಗ ಅವುಗಳ ಸಂಖ್ಯೆಯು ಸಾವಿರವನ್ನು ಮೀರಿದೆ.

ಆದರೆ ರಕ್ಷಣೆಯೂ ಬೇರೆ ಬೇರೆಯಾಗಿಯೇ ಬಂದುದನ್ನು ಗಮನಿಸಬೇಕು. ವಿಗ್ರಹಕ್ಕೆ ಒಂದು ಶಾಸನ, ಅರಣ್ಯಕ್ಕೆ ಒಂದು, ಮೃಗಕ್ಕೆ ಮತ್ತೊಂದು. ೭೩೪ರಲ್ಲಿ ಕೊಫುಕು-ಜಿಯ ಪಶ್ಚಿಮ ಮಂದಿರಕ್ಕಾಗಿ ಮಾಡಿದ ಮೂರು ಮುಖ, ಆರು ಕೈಗಳ ಅಸುರ ವಿಗ್ರಹವು ಬುದ್ಧನ ಪರಿವಾರದಲ್ಲೊಂದಾಗಿ ನಿಂತಿದ್ದಿತು. ಆ ಮಂದಿರವು ೧೭೧೭ರ ಬೆಂಕಿಯಲ್ಲಿ ನಾಶವಾಗಿ ಮತ್ತೆ ಏಳಲಿಲ್ಲ. ವಿಗ್ರಹವು ಈಗ ವಿಹಾರದ ನಿಧಿಮಂದಿರದಲ್ಲಿ ಕಲಾಕೃತಿಯಾಗಿ ಪ್ರದರ್ಶಿತವಾಗಿದೆ. ನೋಡುವವರು ಅದರ ಮುಖದ ಭಾವವನ್ನು ಮೆಚ್ಚುತ್ತಾರೆ. ಅದು ಯಾರ ಉಪದೇಶವನ್ನು ಕೇಳುತ್ತ ನಿಂತಿದ್ದಿತೆಂಬುದನ್ನು ಕೇಳುವವರು ವಿರಳ. ತತ್ತ್ವಜ್ಞನಾದ ವಾತ್ಸುಜಿ ತೆತ್ಸುರೋ ೧೯೧೯ರಲ್ಲಿ ಪ್ರಕಟಿಸಿದ, ನಾರಾದ ವಿಹಾರಗಳ ಸಂದರ್ಶನವನ್ನು ಕುರಿತ ಗ್ರಂಥದ ಹೆಸರಿನಲ್ಲಿ ತೀರ್ಥಯಾತ್ರೆ ಎಂಬರ್ಥದ ಪದವಿದೆ. ಯಾತ್ರೆಯ ಗುರಿಯೋ ಕಲಾದರ್ಶನ. ಪದವು ಹಳೆಯದು, ಅರ್ಥವು ಹೊಸದು.

ಬೇರೆ ಬೇರೆ ರಕ್ಷಣೆಯ ತೊಡಕು ಅತ್ಯಂತ ಸ್ಪಷ್ಟವಾಗಿ ಕಾಣುವುದು ಅರಣ್ಯದಲ್ಲಿ. ಜಿಂಕೆಗಳು ಹೆಚ್ಚಿದಂತೆ ಅವು ಕಾಡಿನ ಎಳೆಯ ಸಸಿಗಳನ್ನು ಮೇದುಬಿಡುತ್ತವೆ. ಹಳೆಯ ಮರಗಳು ಬಿದ್ದಾಗ ಅವುಗಳ ಜಾಗಕ್ಕೆ ಅದೇ ಜಾತಿಯ ಮರಗಳು ಬೆಳೆಯದೆ, ಜಿಂಕೆಗಳು ಒಲ್ಲದ 'ನಾಗಿ'ಯಂತಹ ಮರಗಳು ಹಬ್ಬುತ್ತವೆಂದು ಸಸ್ಯಶಾಸ್ತ್ರಜ್ಞರು ತೋರಿಸಿದ್ದಾರೆ. ಸಸಿಗಳ ರಕ್ಷಣೆಗಾಗಿ ಕಾಡಿನೊಳಗೆ ಬೇಲಿ ಹಾಕಬೇಕಾಗಿ ಬಂದಿದೆ. ಅರಣ್ಯವೂ ರಕ್ಷಿತ, ಮೃಗವೂ ರಕ್ಷಿತ. ಒಂದರ ರಕ್ಷಣೆಯು ಮತ್ತೊಂದಕ್ಕೆ ಬಾಧಕ. ಹಿಂದೆ ಎರಡಕ್ಕೂ ಒಬ್ಬನೇ ಒಡೆಯನೆಂಬ ಭಾವನೆಯಿದ್ದಿತು; ಅವನು ಮಿಕಾಸಾ ಗಿರಿಯ ದೇವನು. ಆ ಕಾಲದಲ್ಲಿ ಇಂತಹ ತೊಡಕೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಅದನ್ನು ಬಗೆಹರಿಸಬೇಕಾದ ಸಂಸ್ಥೆಯು ಒಂದೇ ಆಗಿದ್ದಿತೆಂಬಷ್ಟೇ ನಮ್ಮ ಮಾತು.

೬

೧೯೯೮ರಲ್ಲಿ 'ಪ್ರಾಚೀನ ನಾರಾದ ಐತಿಹಾಸಿಕ ಸ್ಮಾರಕಗಳು' ಎಂಬ ಹೆಸರಿನಲ್ಲಿ ಎಂಟು ಸ್ಥಳಗಳನ್ನು ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ತೋದಾಯ್-ಜಿ, ಕೊಫುಕು-ಜಿ, ಕಸುಗಾ ದೇವಸ್ಥಾನ ಮತ್ತು ಕಸುಗಾ ಅರಣ್ಯ ಇವು ನಾಲ್ಕೂ ಇವೆ. ಸಾಂಸ್ಕೃತಿಕ ಸ್ಮಾರಕಗಳ ಪಟ್ಟಿಯಲ್ಲಿ ಒಂದು ಕಾಡು ಸೇರಿರುವುದು ಗಮನಾರ್ಹ. ೧೮೬೮ರಲ್ಲಿ ಒಡೆದುದು ಕಾಗದದ ಮೇಲಾದರೂ ಮತ್ತೆ ಒಂದೆಡೆಗೆ ಬಂದಿತೆನ್ನಬಹುದು. ೧೭೧೭ರಲ್ಲಿ ಬೆಂದುಹೋದ ಕೊಫುಕು-ಜಿಯ ಮಧ್ಯ ಮಂದಿರವು ೨೦೧೮ರಲ್ಲಿ ಪುನರ್ನಿರ್ಮಿತವಾದುದೂ ಇದೇ ದಿಕ್ಕಿನಲ್ಲಿ ಇಟ್ಟ ಹೆಜ್ಜೆ.

ಕಾಗದಕ್ಕಿಂತ ಹಳೆಯದಾದ ಒಂದು ಬಂಧವೂ ಇದೆ. ಪ್ರತಿವರ್ಷ ಜನವರಿ ೨ರಂದು ಕೊಫುಕು-ಜಿಯ ಮುಖ್ಯಸ್ಥನು ಭಿಕ್ಷುಗಳೊಡನೆ ಕಸುಗಾ ದೇವಸ್ಥಾನಕ್ಕೆ ಹೋಗಿ, ದೇವತೆಗಳ ಮುಂದೆ ಬೌದ್ಧ ಗ್ರಂಥಗಳನ್ನು ಪಠಿಸುತ್ತಾನೆ. ಅವುಗಳಲ್ಲೊಂದು ವಸುಬಂಧುವಿನ ತ್ರಿಂಶಿಕೆ. ಭಾರತದಲ್ಲಿ ಹುಟ್ಟಿದ, ಚೀನೀ ಭಾಷೆಯ ಮೂಲಕ ಬಂದ ಮೂವತ್ತು ಶ್ಲೋಕಗಳನ್ನು ಜಪಾನಿನ ಗಿರಿದೇವತೆಗಳು ಕೇಳುತ್ತಿವೆ. ಇವೆರಡೂ ಬೇರೆ ಧರ್ಮಗಳೆಂದು ರಾಜಾಜ್ಞೆಯು ಸಾರಿದ ಮೇಲೆಯೂ ಈ ಸಂಬಂಧವು ಬತ್ತಿಹೋಗಲಿಲ್ಲ.

ಈ ವಿವೇಚನೆಯಿಂದ ಇತಿಹಾಸದ ವಿದ್ಯಾರ್ಥಿಯು ಗ್ರಹಿಸಬೇಕಾದ ಅಂಶವೊಂದಿದೆ. ಪ್ರಾಚೀನ ಕ್ಷೇತ್ರವನ್ನು ಸಂದರ್ಶಿಸುವಾಗ ನಾವು ಕಟ್ಟಡಗಳ ಕಾಲವನ್ನು ಕೇಳುತ್ತೇವೆ. ಅವುಗಳ ನಡುವಣ ಗಡಿಗಳ ಕಾಲವನ್ನು ಕೇಳುವುದು ಅಪೂರ್ವ. ನಾರಾದ ಗೋಪುರವು ೧೪೨೬ರದು, ಮಹಾಬುದ್ಧನ ಈಗಿನ ಮಂದಿರವು ೧೭೦೯ರದು. ಆದರೆ ಗೋಪುರಕ್ಕೂ ಹುಲ್ಲುಗಾವಲಿಗೂ, ದೇವಸ್ಥಾನಕ್ಕೂ ಬೆಟ್ಟಕ್ಕೂ ನಡುವೆ ಎಳೆದ ಗೆರೆಯು ಹತ್ತೊಂಬತ್ತನೆಯ ಶತಮಾನದ್ದು. ಆ ಗೆರೆಯ ಕಾಲವನ್ನು ಅರಿಯದೆ ನೋಡಿದವನು ನಾಲ್ಕು ಸುಂದರ ಸ್ಥಳಗಳನ್ನು ಕಂಡು ಹಿಂದಿರುಗುತ್ತಾನೆ; ಅರಿತವನಿಗೆ ಗೋಡೆಯಿಲ್ಲದ ವಿಹಾರವೂ, ಗೋಪುರವಿಲ್ಲದ ತಳಪಾಯವೂ, ಬೇಲಿ ಹಾಕಿದ ಕಾಡೂ ಒಂದೇ ಚರಿತ್ರೆಯ ಪುಟಗಳಾಗಿ ಕಾಣುತ್ತವೆ.